ಹಾಡು, ಹಾಸ್ಯ, ಬಾನುಲಿ: ಮೂರರಲ್ಲಿ ಯಾವುದನ್ನು ಬಿಡಲಿ?

ಪ್ರಶ್ನೆ: ನಾನು ಮಳವಳ್ಳಿ ತಾಲ್ಲೂಕಿನವಳು, ವಯಸ್ಸು 38. ಅಜ್ಜಿಯಿಂದ ಕಲಿತ ಸೋಬಾನೆ ಪದ, ರಾಗಿ ಬೀಸುವ ಪದಗಳನ್ನು ಹಾಡುತ್ತಾ ವೇದಿಕೆಗೆ ಬಂದೆ. ಈಗ ಎಂಟು ಜನರ ತಂಡವಿದೆ. ಹಾಡುಗಳ ನಡುವೆ ಜನ ಎದ್ದು ಹೋಗದಿರಲಿ ಎಂದು ಶುರು ಮಾಡಿದ ಮುದುಕಿ ಮತ್ತು ಕುಡುಕ ಗಂಡನ ಹಾಸ್ಯಕ್ಕೇ ಈಗ ಹಾಡಿಗಿಂತ ಹೆಚ್ಚು ಬೇಡಿಕೆ. ಎರಡು ಪಾತ್ರದ ದನಿಯೂ ನನ್ನದೇ. ಇದರ ಜೊತೆಗೆ ಆರು ವರ್ಷದಿಂದ ಮೈಸೂರಿನಲ್ಲಿ ಬಾನುಲಿಯ ಸಾಂದರ್ಭಿಕ ಉದ್ಘೋಷಕಿಯಾಗಿದ್ದೇನೆ, ತಿಂಗಳಿಗೆ ಆರು ಪಾಳಿ. ನಾಲ್ಕು ತಿಂಗಳಿಂದ ಧ್ವನಿ ಒಡೆದಿದೆ. ಬೆಳಿಗ್ಗೆ ದನಿ ಭಾರ, ಮೇಲಿನ ಸ್ವರಕ್ಕೆ ಹೋದರೆ ಬರೀ ಗಾಳಿ. ಪರೀಕ್ಷೆ ಮಾಡಿಸಿದಾಗ ಗಂಟಲಿನಲ್ಲಿ ಎರಡೂ ಕಡೆ ಚಿಕ್ಕ ಗಂಟು ಎಂದು ಬರೆದುಕೊಟ್ಟರು. ಕಾರ್ಯಕ್ರಮದ ದಿನ ಒಂದು ಇಂಜೆಕ್ಷನ್ ಹಾಕಿಸಿಕೊಂಡರೆ ಎರಡು ದಿನ ಹಾಡಬಹುದು. ಹೀಗೆ ಐದು ಬಾರಿ ಹಾಕಿಸಿಕೊಂಡಿದ್ದೇನೆ. ಅತ್ತೆಯವರು ಕ್ಯಾನ್ಸರ್ ಇರಬಹುದೆಂದು ಹೆದರಿದ್ದಾರೆ. ತಂಡದ ಹಿರಿಯರು ‘ಕಂಠ ಒಡೆದೇ ಪಕ್ವವಾಗಬೇಕು’ ಎನ್ನುತ್ತಾರೆ. ಹಾಡಿಗೆ ತಾನೇ ಗಂಟಲು ಹೆಚ್ಚು ಬೇಕಾಗುವುದು? ಹಾಡು ಬಿಟ್ಟು ಹಾಸ್ಯವನ್ನೂ ಬಾನುಲಿಯನ್ನೂ ಉಳಿಸಿಕೊಳ್ಳೋಣ ಎಂದುಕೊಂಡಿದ್ದೇನೆ. ಸರಿಯೇ? ಆಪರೇಷನ್ ಮಾಡಿಸಿದರೆ ಮೊದಲಿನ ದನಿ ಬರುತ್ತದೆಯೇ?

ಉತ್ತರ: ಹಾಡು ಬಿಡಬೇಡಿ. ಯಾಕೆ ಎಂಬುದಕ್ಕೆ ಬರುತ್ತೇನೆ. ಅದಕ್ಕೆ ಮೊದಲು ಅತ್ತೆಯವರ ಭಯಕ್ಕೆ ಉತ್ತರ ಹೇಳಬೇಕು, ಏಕೆಂದರೆ ಮನೆಯಲ್ಲಿ ಆ ಒಂದು ಶಬ್ದ ಸುತ್ತುತ್ತಿರುವಾಗ ಉಳಿದ ಮಾತು ಯಾರ ಕಿವಿಗೂ ಇಳಿಯುವುದಿಲ್ಲ.

ಸ್ವರತಂತು ಎಂದು ನಾವು ಕರೆಯುವುದು ನಿಜಕ್ಕೂ ತಂತಿಯಲ್ಲ. ಗಂಟಲ ಗೂಡಿನೊಳಗೆ ಎರಡು ತುಟಿಗಳಂತೆ ಕೂಡಿ ಬಿಡುವ ಮೆತ್ತನೆಯ ಮಡಿಕೆಗಳು. ಹೆಂಗಸರು ಸಾಮಾನ್ಯವಾಗಿ ಮಾತನಾಡುವಾಗ ಅವು ಸೆಕೆಂಡಿಗೆ ಸುಮಾರು 200 ಬಾರಿ ಒಂದಕ್ಕೊಂದು ಬಡಿಯುತ್ತವೆ. ಗಂಡಸರಲ್ಲಿ ಇದು ಹೆಚ್ಚುಕಡಿಮೆ 120. ಮಡಿಕೆಯ ಯಾವ ಜಾಗದಲ್ಲಿ ಬಡಿತ ಅತಿ ಜೋರಾಗಿರುತ್ತದೆಯೋ ಅಲ್ಲಿ, ಮಚ್ಚು ಹಿಡಿದು ಕಬ್ಬು ಕಡಿಯುವವರ ಅಂಗೈ ಜಡ್ಡುಗಟ್ಟುವಂತೆ, ಚರ್ಮ ದಪ್ಪವಾಗುತ್ತದೆ. ಎರಡು ಕಡೆಯೂ ಎದುರುಬದುರು ಬರುವುದು ಇದೇ ಕಾರಣಕ್ಕೆ. ಇಂತಹ ಗಂಟು ಕ್ಯಾನ್ಸರ್ ಅಲ್ಲ, ಕ್ಯಾನ್ಸರ್ ಆಗಿ ತಿರುಗುವುದೂ ಇಲ್ಲ. ವಯಸ್ಕರಲ್ಲಿ ಇದು ಗಂಡಸರಿಗಿಂತ ಹೆಂಗಸರಿಗೆ ಹೆಚ್ಚು. ಮಡಿಕೆ ಗಿಡ್ಡ, ಬಡಿತ ಜಾಸ್ತಿ, ಲೆಕ್ಕ ಇಷ್ಟೇ.

ಹಾಗೆಂದು ಅತ್ತೆಯವರ ಭಯವನ್ನು ನಗೆಯಾಡಿ ತಳ್ಳಿಬಿಡಬೇಡಿ. ಮೂರು ನಾಲ್ಕು ವಾರವಾದರೂ ಬಿಡದ ಒಡಕು ದನಿಯನ್ನು ಒಳಗೆ ನೋಡಿಸಲೇಬೇಕು. ನೀವು ನೋಡಿಸಿದ್ದೀರಿ, ಒಳ್ಳೆಯದಾಯಿತು. ನುಂಗಲು ಕಷ್ಟ, ಉಗುಳಿನಲ್ಲಿ ರಕ್ತ, ಉಸಿರಿನ ತೊಂದರೆ, ಕುತ್ತಿಗೆಯಲ್ಲಿ ಗಡ್ಡೆ, ಇವು ಇದ್ದರೆ ಮಾತೇ ಬೇರೆ. ಎಲೆಯಡಿಕೆಯ ಜೊತೆ ಕಡ್ಡಿಪುಡಿ ತಂಬಾಕು ಹಾಕುವ ರೂಢಿ ಇದ್ದರೂ ವೈದ್ಯರಿಗೆ ಮುಚ್ಚಿಡದೆ ಹೇಳಿ. ಸೋಬಾನೆ ಹೇಳುವ ಹೆಂಗಸರ ಮಡಿಲಲ್ಲಿ ಎಲೆಯಡಿಕೆ ಚೀಲ ಇಲ್ಲದ್ದನ್ನು ನಾನು ಕಂಡದ್ದು ಕಡಿಮೆ.

ಇನ್ನು ಹಿರಿಯರ ಮಾತು. ‘ಒಡೆದು ಪಕ್ವವಾಗುವ’ ಕಂಠದ ಕತೆ, ಧ್ವನಿ ಚಿಕಿತ್ಸೆ ಕೊಡುವ ನನ್ನ ಕೋಣೆಗೆ ವರ್ಷಕ್ಕೆ ಹತ್ತಾರು ಸಲ ಬರುತ್ತದೆ, ಹೆಚ್ಚಾಗಿ ಮಂಡ್ಯದ ಕಡೆಯಿಂದ, ಕುರುಕ್ಷೇತ್ರ ನಾಟಕಕ್ಕೆ ಬಣ್ಣ ಹಚ್ಚಿದವರ ಬಾಯಿಂದ. ಅದರಲ್ಲಿ ಒಂದು ಎಳೆ ನಿಜವಿದೆ. ಹುಡುಗರಿಗೆ ಮೀಸೆ ಮೂಡುವ ವಯಸ್ಸಿನಲ್ಲಿ ದನಿ ಒಡೆದು ಕೆಳಗಿಳಿದು ನಿಲ್ಲುತ್ತದೆ. ಆ ಕಾಲದಲ್ಲೇ ಹಾರ್ಮೋನಿಯಂ ಮೇಷ್ಟ್ರ ಮುಂದೆ ತಾಲೀಮು ಮಾಡಿದವರಿಗೆ ಎರಡೂ ಒಂದೇ ಎಂದು ತೋರಿರಬಹುದು. ತಿಂಗಳುಗಟ್ಟಲೆ ತಾಲೀಮಿನಲ್ಲಿ ಉಸಿರು ಹಿಡಿಯುವುದು ಗೊತ್ತಾಗಿ ದನಿಗೆ ಶಕ್ತಿ ಬರುವುದೂ ಉಂಟು. ಆದರೆ ಅದು ಒಡೆದದ್ದರಿಂದ ಬಂದ ಶಕ್ತಿಯಲ್ಲ, ಒಡೆದರೂ ಬಂದ ಶಕ್ತಿ. ಒಡೆದು ಮತ್ತೆ ಕೂಡದವರು ಪಾತ್ರ ಬಿಟ್ಟು ಮನೆ ಸೇರಿದರು. ಉಳಿದವರ ಬಾಯಲ್ಲಿ ಗಾದೆ ಉಳಿಯಿತು. 38ರ ಹೆಣ್ಣುಮಗಳಿಗೆ ನಾಲ್ಕು ತಿಂಗಳ ಒಡಕು ಪಕ್ವತೆಯಲ್ಲ, ಗಾಯ.

ಈಗ ನಿಮ್ಮ ಮುಖ್ಯ ಪ್ರಶ್ನೆ. ಹಾಡಿಗೇ ಗಂಟಲು ಹೆಚ್ಚು ಬೇಕು ಎಂದು ನೀವು ತೀರ್ಮಾನಿಸಿಬಿಟ್ಟಿದ್ದೀರಿ. ಪತ್ರದ ಜೊತೆ ಒಂದು ಶನಿವಾರದ ದಿನಚರಿಯನ್ನೂ ಬರೆದು ಕಳಿಸಿದ್ದೀರಲ್ಲ, ನಾನು ಅದನ್ನು ಪೆನ್ನು ಹಿಡಿದು ಓದಿದೆ. ಬೆಳಿಗ್ಗೆ ಬನ್ನೂರು ಮೇಲಿನ ಬಸ್ಸಿನಲ್ಲಿ ಮೈಸೂರು, ದಾರಿಯುದ್ದಕ್ಕೂ ಮುಂದಿನ ಕಾರ್ಯಕ್ರಮದ ಫೋನ್. ಬಾನುಲಿ ಪಾಳಿಯಲ್ಲಿ ನಿಜವಾಗಿ ಮೈಕಿನ ಮುಂದೆ ಮಾತನಾಡಿದ್ದು ಎಲ್ಲ ಸೇರಿ 40 ನಿಮಿಷ. ಸಂಜೆ ನಾಲ್ಕಕ್ಕೆ ತಂಡದ ಟೆಂಪೊದಲ್ಲಿ ಪಾಂಡವಪುರದ ಕಡೆಗೆ ಒಂದೂವರೆ ಗಂಟೆ, ಎಂಜಿನ್ ಸದ್ದಿನ ಮೇಲೆ ಮಾತು, ನಗು, ಹೊಸ ಹುಡುಗಿಯರಿಗೆ ಪದ ಹೇಳಿಕೊಡುವುದು. ವೇದಿಕೆಯಲ್ಲಿ ನೀವು ಮುಮ್ಮೇಳದಲ್ಲಿ ಹಾಡಿದ್ದು 35 ನಿಮಿಷ. ಹಾಸ್ಯ 25 ನಿಮಿಷ. ಮುಗಿದ ಮೇಲೆ ಊರಿನವರ ಜೊತೆ ಮಾತು, ಸೆಲ್ಫಿ, ಹನ್ನೆರಡೂವರೆಗೆ ಮುದ್ದೆ ಬಾಡೂಟ, ಎರಡು ಗಂಟೆಗೆ ಮನೆ, ಮಲಗುವುದು.

ಕೂಡಿಸಿ ನೋಡಿ. ಆ ದಿನ ನಿಮ್ಮ ಗಂಟಲು ದುಡಿದ ಹೊತ್ತಿನಲ್ಲಿ ಹಾಡು ಒಂದು ಸಣ್ಣ ತುಂಡು. ದುಡ್ಡು ಬರದ ಮಾತೇ ಎಲ್ಲಕ್ಕಿಂತ ಉದ್ದ. ಅದರಲ್ಲೂ ಟೆಂಪೊ. ಸುತ್ತ ಸದ್ದು ಹೆಚ್ಚಾದಷ್ಟೂ ಮನುಷ್ಯ ತನಗೆ ಅರಿವಿಲ್ಲದೆ ದನಿ ಏರಿಸುತ್ತಾನೆ. ಲೊಂಬಾರ್ ಎಂಬ ಫ್ರೆಂಚ್ ವೈದ್ಯರು 1911ರಲ್ಲೇ ಇದನ್ನು ವಿವರವಾಗಿ ಬರೆದಿಟ್ಟರು. ‘ನಾನು ಕೂಗುವುದಿಲ್ಲ’ ಎಂದು ನನ್ನ ಮುಂದೆ ಆಣೆಯಿಡುವವರನ್ನೆಲ್ಲ ನಾನು ಮೊದಲು ಕೇಳುವುದು ಯಾವ ಗಾಡಿಯಲ್ಲಿ ಓಡಾಡುತ್ತೀರಿ ಎಂದು.

ಆದರೆ ನಾನು ನಿಜವಾಗಿ ಪೆನ್ನು ಊರಿದ್ದು ಹಾಸ್ಯದ 25 ನಿಮಿಷದ ಮೇಲೆ. ಮುದುಕಿಯ ದನಿ ಹೇಗೆ ತೆಗೆಯುತ್ತೀರಿ? ಕಲಾವಿದರನ್ನು ಕೂರಿಸಿ ನಾನು ನೋಡಿರುವಂತೆ, ಮುದುಕಿಗೆ ಗಂಟಲ ಗೂಡನ್ನೇ ಮೇಲಕ್ಕೆತ್ತಿ, ಕತ್ತಿನ ನರ ಉಬ್ಬಿಸಿ, ದನಿಯನ್ನು ಹಿಂಡುತ್ತಾರೆ. ಮರುಕ್ಷಣ ಕುಡುಕ ಗಂಡ. ಅವನಿಗೆ ಗೂಡನ್ನು ಕೆಳಕ್ಕೆ ತಳ್ಳಿ, ಸ್ವರತಂತುಗಳ ಮೇಲಿರುವ ಇನ್ನೊಂದು ಜೊತೆ ಮಡಿಕೆಗಳನ್ನೂ ಒತ್ತಿ, ಗರಗರ ಎನ್ನಿಸುತ್ತಾರೆ. ಆ ಮೇಲಿನ ಮಡಿಕೆಗಳು ಮಾತಿಗೆಂದು ಇರುವಂಥವಲ್ಲ. ನುಂಗುವಾಗ, ಭಾರ ಎತ್ತುವಾಗ ಬಾಗಿಲು ಮುಚ್ಚುವ ಕೆಲಸ ಅವುಗಳದ್ದು. ಹಾಗೆ ಒತ್ತಿದ ಸ್ಥಿತಿಯಲ್ಲಿ ಒಂದು ಸಾಲು ಮುದುಕಿ, ಒಂದು ಸಾಲು ಗಂಡ, ನಡುವೆ ಜನ ನಕ್ಕಾಗ ಆ ನಗುವಿನ ಮೇಲೆ ಇನ್ನೊಂದು ಸಾಲು. ಇದರಲ್ಲಿ ಬಿಡುವು ಎಲ್ಲಿದೆ? ನನ್ನನ್ನು ಕೇಳಿದರೆ, ಈ 25 ನಿಮಿಷ ನಿಮ್ಮ ಅಜ್ಜಿಯ ಹಾಡಿನ ಎರಡು ಗಂಟೆಗೆ ಸಮ.

ಅಜ್ಜಿ ಎಂದ ಮೇಲೆ ಒಂದು ಮಾತು. ನೀವು ಚಿಕ್ಕಂದಿನಲ್ಲಿ ಹಸೆಮಣೆಯ ಪಕ್ಕ ಕೂತು ಕೇಳಿದ ಸೋಬಾನೆಯನ್ನು ನೆನಪು ಮಾಡಿಕೊಳ್ಳಿ. ಒಂದು ಕಡೆಯವರು ಸಾಲು ಹೇಳುತ್ತಾರೆ, ಇನ್ನೊಂದು ಕಡೆಯವರು ಅದನ್ನೇ ತಿರುಗಿ ಹೇಳುತ್ತಾರೆ. ರಾತ್ರಿಯೆಲ್ಲ ಹಾಡಿದರೂ ಯಾವ ಒಬ್ಬಳ ಗಂಟಲೂ ಅರ್ಧ ರಾತ್ರಿಗಿಂತ ಹೆಚ್ಚು ದುಡಿಯುವುದಿಲ್ಲ. ಮಂಟೇಸ್ವಾಮಿ ಕತೆ ಹಾಡುವ, ನಿಮ್ಮ ಬೊಪ್ಪೇಗೌಡನಪುರದ ಕಡೆಯ ನೀಲಗಾರರೂ ಹೀಗೆಯೇ. ಕಪ್ಪಡಿ ಜಾತ್ರೆಯಲ್ಲಿ ಒಂದು ರಾತ್ರಿ ಅವರ ಪಕ್ಕ ಕೂತು ಮಂಟೇಸ್ವಾಮಿ ಕತೆ ಕೇಳಿದ್ದೇನೆ. ಕತೆ ಕೇಳುವುದಕ್ಕೆ ಹೋಗಿದ್ದು, ವೃತ್ತಿಯ ಚಾಳಿ ಬಿಡದೆ ಕೈಗಡಿಯಾರ ನೋಡುತ್ತಾ ಕೂತೆ. ಮುಂದಾಳು ತಂಬೂರಿಯನ್ನು ಭುಜಕ್ಕೆ ಆನಿಸಿಕೊಂಡು ಎರಡು ಸಾಲು ಹೇಳುತ್ತಾರೆ, ಹಿಮ್ಮೇಳ ಹಿಡಿದುಕೊಳ್ಳುತ್ತದೆ. ಆಮೇಲೆ ಮಾತಿನಲ್ಲಿ ಕತೆ, ನಡುವೆ ಗಗ್ಗರ, ಡಮ್ಮಡಿ. ಒಂದು ಹೊತ್ತಿನಲ್ಲಿ ಅವರು ಬಾಯಿ ಮುಚ್ಚಿ ಬರೀ ತಂಬೂರಿ ಮೀಟುತ್ತಾ ಕಣ್ಣು ಮುಚ್ಚಿದ್ದರು. ನಿದ್ದೆಯೇನೋ ಎಂದುಕೊಂಡೆ. ಹಿಮ್ಮೇಳದವರು ಸಾಲು ಮುಗಿಸಿದ್ದೇ ತಡ, ದನಿ ಎಲ್ಲಿ ಬಿಟ್ಟಿತ್ತೋ ಅಲ್ಲಿಂದಲೇ ಎದ್ದಿತು. ಶ್ರುತಿಯೂ ಅವರ ಮಾತಿನ ದನಿಯ ಪಕ್ಕದಲ್ಲೇ ಇತ್ತು.

ನಿಮ್ಮ ವೇದಿಕೆಯಲ್ಲಿ ಆಗಿರುವುದೇನು? ಹಿಮ್ಮೇಳದ ಹೆಂಗಸರನ್ನು ಕಡಿಮೆ ಮಾಡಿ ಕೀಬೋರ್ಡು ತಂದಿದ್ದೀರಿ. ಅದನ್ನು ನುಡಿಸುವ ಹುಡುಗ ತನ್ನ ಬೆರಳಿಗೆ ಸಲೀಸಾದ ಶ್ರುತಿ ಹಿಡಿಯುತ್ತಾನೆ. ಧ್ವನಿವರ್ಧಕ ಜನರ ಕಡೆಗಿದೆ, ನಿಮ್ಮ ಕಡೆಗೆ ಮಾನಿಟರ್ ಇಲ್ಲ, ನಿಮ್ಮ ದನಿ ನಿಮಗೆ ಕೇಳದೆ ಇನ್ನಷ್ಟು ಜೋರು ಮಾಡುತ್ತೀರಿ. ಎತ್ತರದ ಸ್ವರದಲ್ಲಿ ಮಡಿಕೆಗಳು ಸೆಕೆಂಡಿಗೆ 400 ಬಾರಿ ಬಡಿಯುತ್ತಿದ್ದರೆ, ಉಸಿರು ಮತ್ತು ವಾದ್ಯದ ಬಿಡುವುಗಳನ್ನು ಕಳೆದು 20 ನಿಮಿಷ ದನಿ ಹೊರಟರೂ 4,80,000 ಬಡಿತ. ಅದನ್ನೇ ಇಬ್ಬರು ಹಂಚಿಕೊಂಡು, ಎರಡು ಮನೆ, ಅಂದರೆ ಕೀಬೋರ್ಡಿನ ಎರಡು ಕೀಲಿಯಷ್ಟು, ಕೆಳಗಿನ ಶ್ರುತಿಯಲ್ಲಿ ಹಾಡಿದರೆ ನಿಮ್ಮ ಪಾಲಿಗೆ ಅರ್ಧಕ್ಕಿಂತ ಕಡಿಮೆ. ಕೀಬೋರ್ಡಿನಲ್ಲಿ ಶ್ರುತಿ ಇಳಿಸಲು ಒಂದು ಗುಂಡಿ ಇರುತ್ತದೆ, ಬೆರಳು ಬದಲಾಯಿಸುವ ಶ್ರಮವೂ ಇಲ್ಲ. ಜನಪದ ಹಾಡು ಎತ್ತರದಲ್ಲೇ ಇರಬೇಕು ಎಂಬುದು ಇತ್ತೀಚಿನ ವೇದಿಕೆಯ ಹುಚ್ಚು.

ಬಾನುಲಿಯ ವಿಷಯಕ್ಕೆ ಬಂದರೆ, ಮೂರರಲ್ಲಿ ಗಂಟಲಿಗೆ ಅತಿ ಸುಲಭದ ಕೆಲಸ ಅದು. ಮೈಕು ಒಂದು ಗೇಣಿನಲ್ಲಿದೆ, ಸದ್ದಿಲ್ಲದ ಕೋಣೆ, ಎದುರು ಕೇಳುವವಳು ಒಬ್ಬಳೇ ಇದ್ದಾಳೆ ಎಂಬಂತೆ ಮಾತನಾಡಿದರೆ ಸಾಕು. ಆದರೂ ಅಲ್ಲಿಯೂ ಒಂದು ಕೆಟ್ಟ ಅಭ್ಯಾಸ ಅಂಟಿಕೊಳ್ಳುತ್ತದೆ. ಗಂಭೀರವಾಗಿ ಕೇಳಿಸಲೆಂದು ತಮ್ಮ ಸಹಜ ದನಿಗಿಂತ ಕೆಳಕ್ಕೆ ಇಳಿಸಿ, ವಾಕ್ಯದ ಕೊನೆಯನ್ನು ಕರಕರ ಎಂದು ಎಳೆಯುವುದು. ನಿಮ್ಮ ಧ್ವನಿಮುದ್ರಿಕೆ ಕೇಳದೆ ನಿಮ್ಮ ಮೇಲೆ ಈ ದೋಷ ಹೊರಿಸುವುದಿಲ್ಲ. ನೀವೇ ಒಂದು ಪರೀಕ್ಷೆ ಮಾಡಿ. ಯಾರಾದರೂ ಏನೋ ಹೇಳಿದಾಗ ಬಾಯಿ ಮುಚ್ಚಿಕೊಂಡು ‘ಹ್ಞೂಂ’ ಎನ್ನುತ್ತೀರಲ್ಲ, ಆ ದನಿ ಹೆಚ್ಚುಕಡಿಮೆ ನಿಮ್ಮ ಸಹಜ ಎತ್ತರ. ಅದಾದ ತಕ್ಷಣ ‘ನಮಸ್ಕಾರ, ಈಗ ಸಮಯ’ ಎಂದು ನೋಡಿ. ಎರಡಕ್ಕೂ ದೊಡ್ಡ ಅಂತರವಿದ್ದರೆ ನೀವು ಉದ್ಘೋಷಕಿಯ ವೇಷ ಹಾಕುತ್ತಿದ್ದೀರಿ ಎಂದರ್ಥ. ಸ್ಟುಡಿಯೋದ ಎ.ಸಿ.ಯಲ್ಲಿ ಗಂಟಲು ಒಣಗುತ್ತದೆ, ಬಾಟಲಿ ನೀರು ಜೊತೆಗಿರಲಿ. ಗಂಟಲು ಕೆರೆದುಕೊಳ್ಳುವ ಬದಲು ಒಂದು ಗುಟುಕು ನುಂಗಿ. ಪ್ರತಿ ಸಲ ‘ಖ್ಹಂ’ ಎಂದು ಕೆರೆದಾಗಲೂ ಆ ಗಂಟುಗಳ ಮೇಲೆ ಒಂದು ಪೆಟ್ಟು.

ನೀರು ಎಂದಾಗ ಮನೆಮದ್ದಿನ ಮಾತೂ ಬರುತ್ತದೆ. ಮೆಣಸಿನ ಹಾಲು, ಜೇನು, ಕಲ್ಲುಸಕ್ಕರೆ, ಶುಂಠಿ, ಇವೆಲ್ಲ ನುಂಗುವ ದಾರಿಯಲ್ಲಿ ಹೋಗುತ್ತವೆ, ಸ್ವರತಂತು ಉಸಿರಿನ ದಾರಿಯಲ್ಲಿದೆ. ಕುಡಿದದ್ದು ಅದನ್ನು ಮುಟ್ಟಿದರೆ ನಿಮಗೆ ಕೆಮ್ಮು ಕಿತ್ತುಕೊಂಡು ಬರುತ್ತದೆ. ಗಂಟಲಿಗೆ ಹಿತವೆನಿಸಿದರೆ ಕುಡಿಯಿರಿ, ತೊಂದರೆಯಿಲ್ಲ, ಆದರೆ ಗಂಟು ಕರಗುವುದಿಲ್ಲ. ನೀರೂ ಮೈಯೆಲ್ಲ ಸುತ್ತಿ ಬರಬೇಕು. ಹಾಗಾಗಿ ವೇದಿಕೆ ಹತ್ತುವ ಮುನ್ನ ಒಂದು ಲೀಟರ್ ಕುಡಿಯುವುದಕ್ಕಿಂತ ಬೆಳಿಗ್ಗೆಯಿಂದ ಕುಡಿಯುತ್ತಾ ಇರಬೇಕು. ನೇರವಾಗಿ ಮುಟ್ಟುವುದು ಹಬೆ ಮಾತ್ರ, ಬರೀ ನೀರಿನ ಹಬೆ ಸಾಕು. ಪುದೀನ ಸತ್ವದ ಖಾರದ ಗುಳಿಗೆಗಳು ಗಂಟಲನ್ನು ಜೋಮು ಹಿಡಿಸುತ್ತವೆ, ನೋವು ಗೊತ್ತಾಗದೆ ಇನ್ನಷ್ಟು ಕೂಗುತ್ತೀರಿ. ಪಿಸುಮಾತಿನಲ್ಲಿ ವಿಶ್ರಾಂತಿಯಿದೆ ಎಂಬುದೂ ತಪ್ಪು. ಒತ್ತಿ ಪಿಸುಗುಟ್ಟಿದರೆ ಹಲವರಿಗೆ ಗಂಟಲು ಇನ್ನಷ್ಟು ಬಿಗಿಯಾಗುತ್ತದೆ. ಮಾತನಾಡುವುದಾದರೆ ಮೆಲ್ಲಗೆ ಮಾತನಾಡಿ, ಇಲ್ಲವೇ ಸುಮ್ಮನಿರಿ. ಮಧ್ಯರಾತ್ರಿಯ ಬಾಡೂಟ ಮತ್ತು ಒಡನೆ ಮಲಗುವುದು ಮಾತ್ರ ನಿಜವಾದ ಕಿಡಿಗೇಡಿ. ಹೊಟ್ಟೆಯ ಆಮ್ಲ ರಾತ್ರಿ ಮೇಲೇರಿ ಸ್ವರತಂತುಗಳ ಹಿಂಭಾಗವನ್ನು ಕೆರಳಿಸುತ್ತದೆ. ಎದೆಯುರಿ ಇಲ್ಲದೆಯೂ ಹೀಗಾಗಬಹುದು. ನಿಮ್ಮ ಬೆಳಗಿನ ಭಾರದ ದನಿಗೆ ಇದರದ್ದೂ ಪಾಲಿರಬಹುದು. ಸಂಜೆ ಏಳಕ್ಕೇ ಊಟ ಮುಗಿಸಿ ಎಂದರೆ ಹಬ್ಬದ ಮನೆಯವರು ಬಿಡುವುದಿಲ್ಲ, ಗೊತ್ತು. ಹೊರಡುವಾಗ ಬುತ್ತಿ ಕಟ್ಟಿಸಿಕೊಂಡು ಬನ್ನಿ, ಅವರಿಗೂ ಬೇಸರವಾಗುವುದಿಲ್ಲ.

ಇಂಜೆಕ್ಷನ್ ಬಗ್ಗೆ ಖಡಾಖಂಡಿತವಾಗಿ ಹೇಳುತ್ತೇನೆ. ಹೆಸರು ಬರೆದಿಲ್ಲ, ಆದರೆ ಎರಡು ದಿನ ದನಿ ಕೊಡುವುದು ಸ್ಟಿರಾಯ್ಡ್ ಆಗಿರುವ ಸಾಧ್ಯತೆಯೇ ಹೆಚ್ಚು. ಅದು ಊತವನ್ನು ತಗ್ಗಿಸುತ್ತದೆ, ಗಾಯವನ್ನು ವಾಸಿ ಮಾಡುವುದಿಲ್ಲ. ಊತ ಎಂಬುದು ನಿಮ್ಮನ್ನು ತಡೆಯುವ ಕೈ. ಆ ಕೈಯನ್ನು ಕಟ್ಟಿಹಾಕಿ ನೀವು ಹಾಡಿ ಕೂಗುತ್ತೀರಿ. ಆ ಹೊತ್ತಿನಲ್ಲಿ ಮಡಿಕೆಯೊಳಗಿನ ಸಣ್ಣ ರಕ್ತನಾಳ ಒಡೆದರೆ ಹಾಡಿನ ಮಧ್ಯದಲ್ಲೇ ದನಿ ಕಡಿದು ಬೀಳುತ್ತದೆ, ಕಲೆ ಉಳಿದರೆ ಶಾಶ್ವತ ನಷ್ಟ. ಮುಟ್ಟಿನ ಹಿಂದಿನ ದಿನಗಳಲ್ಲಿ ಸ್ವರತಂತುಗಳಿಗೂ ಊತ ಬರುವುದುಂಟು. ಆಗ ರಕ್ತ ತೆಳುವಾಗಿಸುವ ಆಸ್ಪಿರಿನ್‌ನಂತಹ ನೋವಿನ ಮಾತ್ರೆಯನ್ನು ನೀವಾಗಿಯೇ ನುಂಗಬೇಡಿ. ಸಕ್ಕರೆ ಕಾಯಿಲೆಯಿದ್ದರೆ ಸ್ಟಿರಾಯ್ಡ್ ಅದನ್ನೂ ಏರಿಸುತ್ತದೆ. ಒಮ್ಮೊಮ್ಮೆ, ಸ್ವರತಂತುಗಳನ್ನು ಒಳಗೆ ನೋಡಿದ ಮೇಲೆ, ಅನಿವಾರ್ಯವಾದ ಒಂದು ಕಾರ್ಯಕ್ರಮಕ್ಕಾಗಿ ತಜ್ಞರು ಇದನ್ನು ಕೊಡುವುದಿದೆ. ಒಳಗೆ ನೋಡದೆ ಐದು ಬಾರಿ ಕೊಡುವುದು ಆ ಲೆಕ್ಕಕ್ಕೆ ಬರುವುದಿಲ್ಲ. ಮುಂದೆ ಎಂದಾದರೂ ಹಾಡುವಾಗ ಫಕ್ಕನೆ ದನಿ ನಿಂತರೆ, ನೋವಿರಲಿ ಇಲ್ಲದಿರಲಿ, ಆ ಕ್ಷಣದಿಂದ ಒಂದು ಮಾತೂ ಆಡದೆ ಕಿವಿ ಮೂಗು ಗಂಟಲಿನ ವೈದ್ಯರ ಬಳಿ ಹೋಗಿ.

ಹಾಗಾದರೆ ದಾರಿ ಯಾವುದು? ಮೊದಲು ಗಂಟು ಗಂಟೇ ಹೌದೋ ಎಂದು ಖಚಿತವಾಗಬೇಕು. ನಿಮ್ಮ ವರದಿಯಲ್ಲಿ ಸಾಮಾನ್ಯ ಬೆಳಕಿನ ಪರೀಕ್ಷೆಯ ಮಾತಷ್ಟೇ ಇದೆ. ಸ್ಟ್ರೋಬೋಸ್ಕೋಪಿ ಎಂಬ ಪರೀಕ್ಷೆಯಲ್ಲಿ ಬೆಳಕು ಮಿನುಗುತ್ತದೆ, ಅದರಿಂದ ಸೆಕೆಂಡಿಗೆ ನೂರಾರು ಬಾರಿ ಅದುರುವ ಮಡಿಕೆ ನಿಧಾನವಾಗಿ ಅಲೆಯುವಂತೆ ಕಾಣುತ್ತದೆ. ಗಂಟಿದ್ದರೆ ಅಲೆ ಅದರ ಮೇಲೂ ಹಾಯುತ್ತದೆ. ಚರ್ಮದ ಕೆಳಗೆ ನೀರುಗುಳ್ಳೆಯಂತಹ ಸಿಸ್ಟ್ ಇದ್ದರೆ ಅಲ್ಲಿ ಅಲೆ ಕುಂದುತ್ತದೆ, ಇಲ್ಲವೇ ನಿಂತುಬಿಡುತ್ತದೆ. ಎರಡಕ್ಕೂ ಚಿಕಿತ್ಸೆ ಬೇರೆ, ಹಾಗಾಗಿ ಇದನ್ನು ಬಿಡಬೇಡಿ. ನಿಮಗೆ ದೂರವೇನಿಲ್ಲ, ಮೈಸೂರಿನ ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1960ರ ದಶಕದಿಂದ ಇದೇ ಕೆಲಸ ಮಾಡುತ್ತಿದೆ. ಬಾನುಲಿ ಪಾಳಿಗೆ ಬಂದ ದಿನವೇ ಹೋಗಿಬರಬಹುದು.

ಗಂಟೇ ಆಗಿದ್ದರೆ ಧ್ವನಿ ಚಿಕಿತ್ಸೆಯೇ ಮೊದಲ ದಾರಿ. ಎಂಟು ವಾರದಷ್ಟು ಕಾಲ, ವಾರಕ್ಕೆ ಒಂದೆರಡು ಸಲ ನಮ್ಮ ಮುಂದೆ, ದಿನಾ ಮನೆಯಲ್ಲಿ. ಅರ್ಧ ಲೋಟ ನೀರಿನಲ್ಲಿ ಒಂದು ಸ್ಟ್ರಾ ಅದ್ದಿ, ‘ಊ’ ಎನ್ನುತ್ತಾ ಗುಳ್ಳೆ ಎಬ್ಬಿಸುವುದು ನಾವು ಕೊಡುವ ಅಭ್ಯಾಸಗಳಲ್ಲೊಂದು. ಬಾಯಿಯ ಬಳಿ ತಡೆ ಇರುವುದರಿಂದ ಒಳಗಿನ ಗಾಳಿ ಮಡಿಕೆಗಳಿಗೆ ದಿಂಬಿನಂತೆ ಆನಿಸಿ ನಿಲ್ಲುತ್ತದೆ, ಬಡಿತ ಮೆದುವಾಗುತ್ತದೆ. ಇದನ್ನು ತೋರಿಸಿದಾಗ ಶ್ರೀರಂಗಪಟ್ಟಣದ ಕಡೆಯ ಒಬ್ಬ ಹಿರಿಯ ಹಾಡುಗಾರರು ನಕ್ಕು, ಚಿಕ್ಕಂದಿನಲ್ಲಿ ಕಾಲುವೆಯಲ್ಲಿ ಪರಂಗಿ ಎಲೆಯ ಕೊಳವೆ ಹಿಡಿದು ಇದನ್ನೇ ಮಾಡುತ್ತಿದ್ದೆವು, ಅದಕ್ಕೆ ಫೀಸು ಇರಲಿಲ್ಲ ಎಂದಿದ್ದರು. ಚಿಕಿತ್ಸೆಯ ಅಪಾಯ ಎಂದರೆ ತಾಳ್ಮೆ ಕೆಡುವುದು ಮತ್ತು ಸೀಸನ್ನಿನ ಆದಾಯ ಕಡಿಮೆಯಾಗುವುದು. ಬಹಳ ದಿನ ಗಟ್ಟಿಯಾಗಿ ಕೂತ ಗಂಟು ಪೂರ್ತಿ ಹೋಗದೆಯೂ ಇರಬಹುದು. ಆದರೆ ಗಂಟು ಒಂದಿಷ್ಟು ಉಳಿದರೂ ಚೆನ್ನಾಗಿ ಹಾಡುತ್ತಿರುವವರು ಇದ್ದಾರೆ.

ಆಪರೇಷನ್ ಬೇಡವೆಂದಲ್ಲ, ಮೊದಲು ಬೇಡ. ಪೂರ್ತಿ ಅರಿವಳಿಕೆ ಕೊಟ್ಟು ಬಾಯಿಯ ಮೂಲಕ ಸೂಕ್ಷ್ಮದರ್ಶಕದಲ್ಲಿ ಮಾಡುವ ಶಸ್ತ್ರಚಿಕಿತ್ಸೆ ಅದು. ಗಂಟು ತೆಗೆಯಬಹುದು, ಅದು ಬಂದ ಅಭ್ಯಾಸವನ್ನು ಕತ್ತರಿಯಿಂದ ತೆಗೆಯಲಾಗುವುದಿಲ್ಲ. ಅದೇ ಟೆಂಪೊ, ಅದೇ ಕುಡುಕ ಗಂಡ ಮುಂದುವರಿದರೆ ಗಂಟು ಮತ್ತೆ ಬರುತ್ತದೆ. ಕಲೆಯಾದರೆ ಆ ಜಾಗ ಗಟ್ಟಿಯಾಗಿ ಅಲೆಯುವುದೇ ನಿಲ್ಲುತ್ತದೆ, ಅದನ್ನು ಸರಿಪಡಿಸುವುದು ಬಹಳ ಕಷ್ಟ. ಮಾಡಿದ ಮೇಲೆ ಕೆಲವು ದಿನ ಪೂರ್ಣ ಮೌನ, ಆಮೇಲೆ ವಾರಗಟ್ಟಲೆ ಹಂತಹಂತವಾಗಿ ಮಾತು, ಹಾಡು. ‘ಮೊದಲಿನ ದನಿ ಖಂಡಿತ ಬರುತ್ತದೆ’ ಎಂದು ಯಾರಾದರೂ ಬರೆದುಕೊಟ್ಟರೆ ಅಂಥವರಿಂದ ದೂರವಿರಿ.

ಇನ್ನು ಕೆಲವರು ಎರಡು ತಿಂಗಳು ಮೌನವ್ರತ ಹಿಡಿಯಿರಿ ಎಂದು ಹೇಳಬಹುದು. ನಾನೇ ಹೊಸದಾಗಿ ಕೆಲಸಕ್ಕೆ ಸೇರಿದಾಗ ಒಬ್ಬ ಹರಿಕಥೆ ದಾಸರಿಗೆ ಹೀಗೆ ಹೇಳಿದ್ದೆ. ಅವರು ಶ್ರದ್ಧೆಯಿಂದ ಸ್ಲೇಟು ಹಿಡಿದು ಓಡಾಡಿದರು. ಆ ಶ್ರಾವಣದ ಕಥೆಗಳೆಲ್ಲ ಬೇರೆಯವರ ಪಾಲಾದವು. ಎರಡು ತಿಂಗಳ ನಂತರ ದನಿ ತಿಳಿಯಾಗಿತ್ತು, ಮೂರನೆಯ ಕಥೆಗೆ ಮತ್ತೆ ಹಳೆಯ ಹಾಗೆಯೇ ಒಡೆಯಿತು. ಹಾಡುವ ಕ್ರಮ ಬದಲಾಯಿಸದೆ ಬರೀ ಬಾಯಿ ಮುಚ್ಚಿಸಿದ್ದು ನನ್ನ ತಪ್ಪು. ಅವರು ಬೈಯಲಿಲ್ಲ, ಅದೇ ಈಗಲೂ ಚುಚ್ಚುತ್ತದೆ.

ಮೂರು ಕೆಲಸ ಹಚ್ಚಿಕೊಂಡದ್ದೇ ತಪ್ಪಾಯಿತೇನೋ ಎಂಬ ಕೊರಗು ನಿಮ್ಮ ಪತ್ರದ ಸಾಲುಗಳ ನಡುವೆ ಇದೆ. ಇಲ್ಲ. ಈ ನೆಲದಲ್ಲಿ ಅದು ಹೊಸದೂ ಅಲ್ಲ. ನಿಮ್ಮ ಜಿಲ್ಲೆಯ ಮೂಡಲಪಾಯ ಯಕ್ಷಗಾನದ ಕೋಡಂಗಿ ಕುಣಿಯುತ್ತಾನೆ, ನಗಿಸುತ್ತಾನೆ. ಹರಿಕಥೆ ದಾಸರು ಹಾಡು, ಕತೆ, ಚಟಾಕಿ ಮೂರನ್ನೂ ಒಬ್ಬರೇ ನಿಂತು ನಡೆಸುತ್ತಾರೆ. 1935ರಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನ ಒಂಟಿಕೊಪ್ಪಲಿನ ತಮ್ಮ ಮನೆಯಲ್ಲಿ 30 ವ್ಯಾಟ್‌ನ ಪುಟ್ಟ ಪ್ರೇಷಕ ಇಟ್ಟು ಬಾನುಲಿ ಶುರು ಮಾಡಿದಾಗ, ಅದರ ಕೆಲಸಕ್ಕೆ ಹೆಗಲು ಕೊಟ್ಟವರು ನಗೆಬರಹಗಾರ ನಾ. ಕಸ್ತೂರಿ. ನಗಿಸುವವರು ಮೈಕಿನ ಮುಂದೆ ಕೂರುವುದು ಇಲ್ಲಿ ಮೊದಲ ದಿನಗಳಿಂದ ಬಂದದ್ದು. ವ್ಯತ್ಯಾಸ ಒಂದೇ. ಅವರಿಗೆ ಒಂದು ಕೆಲಸದಿಂದ ಇನ್ನೊಂದಕ್ಕೆ ಹೋಗುವ ನಡುವೆ ನಡೆದುಹೋಗುವಷ್ಟು ಹೊತ್ತು ಇತ್ತು, ನಿಮಗೆ ಆ ಹೊತ್ತನ್ನು ಟೆಂಪೊ ಮತ್ತು ಫೋನು ತಿಂದಿವೆ.

ಆದ್ದರಿಂದ ನನ್ನ ಸಲಹೆ ನಿಮ್ಮ ಯೋಚನೆಗೆ ತಲೆಕೆಳಗು. ಬಾನುಲಿಯನ್ನು ಬಿಡಬೇಡಿ. ದುಡ್ಡು ಕಡಿಮೆಯಾದರೂ ನಿಮ್ಮ ಸಹಜ ದನಿಯನ್ನು ಮತ್ತೆ ಮತ್ತೆ ನೆನಪಿಸುವ ಜಾಗ ಅದು. ಪಾಳಿಯ ದಿನ ರಾತ್ರಿ ಕಾರ್ಯಕ್ರಮ ಒಪ್ಪಿಕೊಳ್ಳಬೇಡಿ, ಸಾಧ್ಯವಾಗದಿದ್ದರೆ ಆ ದಿನದ ಹಾಡನ್ನು ಅರ್ಧಕ್ಕೆ ಇಳಿಸಿ. ಹಾಡನ್ನು ಉಳಿಸಿಕೊಳ್ಳಿ, ಆದರೆ ತಿರುಗಿ ಹೇಳುವ ಹೆಂಗಸರನ್ನು ವಾಪಸ್ ಕರೆಯಿರಿ. ಇಬ್ಬರು ಸಾಕು. ಅವರ ಸಂಭಾವನೆ ನಿಮ್ಮ ಕೈಯಿಂದ ಹೋಗುತ್ತದೆ ಎಂಬುದು ನಿಜ. ಐದು ಇಂಜೆಕ್ಷನ್ನಿನ ಖರ್ಚು, ಕಳೆದುಕೊಂಡ ಕಾರ್ಯಕ್ರಮ, ಮುಂದೆ ಆಪರೇಷನ್ ಬಂದರೆ ಅದರ ಬಿಲ್ಲು, ಇವನ್ನೂ ಅದೇ ಹಾಳೆಯ ಮೇಲೆ ಬರೆದು ನೋಡಿ. ಟೆಂಪೊದಲ್ಲಿ ಮುಂದಿನ ಸೀಟು ನಿಮ್ಮದಿರಲಿ, ಹಿಂದಕ್ಕೆ ತಿರುಗಿ ಮಾತಾಡುವ ಆಸೆಯೇ ಬಾರದಂತೆ. ಫೋನು ತಂಡದ ಬೇರೆಯವರ ಕೈಗೆ ಹೋಗಲಿ.

ಹಾಸ್ಯವನ್ನು ಪೂರ್ತಿ ಬಿಡಿ ಎನ್ನುವುದಿಲ್ಲ. ಚಿಕಿತ್ಸೆಯ ಎಂಟು ವಾರ ಕುಡುಕ ಗಂಡನನ್ನು ನಿಮ್ಮ ಗಂಟಲಿನಿಂದ ಹೊರಗಟ್ಟಿ. ಎಂಟು ಜನರ ತಂಡದಲ್ಲಿ ಡೋಲಕ್ ಬಾರಿಸುವವರೋ, ತಮಟೆಯವರೋ ಒಬ್ಬರಾದರೂ ಗಂಡಸರಿದ್ದಾರಲ್ಲ, ಆ ಪಾತ್ರ ಅವರಿಗೆ ಕೊಡಿ. ಮುದುಕಿ ನಿಮ್ಮದೇ ಇರಲಿ, ಆದರೆ ಕತ್ತು ಹಿಂಡುವ ದನಿಯಿಲ್ಲದೆ. ಬೆನ್ನು ಬಾಗಿಸಿ, ಎಲೆಯಡಿಕೆ ಚೀಲವನ್ನು ಸಾವಕಾಶವಾಗಿ ಬಿಚ್ಚಿ, ಸುಣ್ಣ ಸವರಿ, ಜನರನ್ನು ಒಮ್ಮೆ ನೋಡಿ ಆಮೇಲೆ ಮಾತು ಶುರು ಮಾಡಿ. ಮಾತಿಗೆ ಮುನ್ನವೇ ನಗು ಬಂದರೆ ಅಷ್ಟು ಹೊತ್ತು ಗಂಟಲಿಗೆ ರಜೆ. ಒಂದು ಅಪಾಯವನ್ನು ಮುಂಚೆಯೇ ಹೇಳಿಬಿಡುತ್ತೇನೆ. ಒಬ್ಬಳೇ ಎರಡು ದನಿ ತೆಗೆಯುವ ಚಮತ್ಕಾರಕ್ಕಾಗಿ ಬರುತ್ತಿದ್ದ ಕೆಲವು ಸಂಘಟಕರು ಗೊಣಗುತ್ತಾರೆ, ಒಂದೆರಡು ಕಾರ್ಯಕ್ರಮ ಕೈಬಿಡಲೂಬಹುದು. ಅದಕ್ಕೆ ನನ್ನ ಬಳಿ ಔಷಧವಿಲ್ಲ.

ನನ್ನ ಬಳಿ ಬರುವಾಗ ಹಳೆಯ ವರದಿ, ಇಂಜೆಕ್ಷನ್ ಚೀಟಿಗಳು, ಒಂದು ಪೂರ್ತಿ ಕಾರ್ಯಕ್ರಮವನ್ನು ಜನರ ಸದ್ದಿನ ಸಮೇತ ಮೊಬೈಲಿನಲ್ಲಿ ಮುದ್ರಿಸಿಕೊಂಡದ್ದು, ಬಾನುಲಿಯ ಒಂದು ಪಾಳಿಯ ಧ್ವನಿ, ಇಷ್ಟು ತನ್ನಿ. ಸಾಧ್ಯವಾದರೆ ಆ ಕೀಬೋರ್ಡಿನ ಹುಡುಗನನ್ನೂ ಕರೆದುಕೊಂಡು ಬನ್ನಿ. ಎರಡು ಮನೆ ಕೆಳಗೆ ಹಾಡಲು ನಿಮ್ಮನ್ನು ಒಪ್ಪಿಸುವುದು ಸುಲಭ, ಅವನನ್ನು ಒಪ್ಪಿಸಲು ನಾವಿಬ್ಬರೂ ಬೇಕಾಗಬಹುದು.